ಗೋಬರ್ ಅನಿಲದ ಇತಿಹಾಸ: ಮಾಟುಂಗದಿಂದ ಪುರದವರೆಗೆ

ದನದ ಸಗಣಿಗೆ ನಮ್ಮ ದೇಶದಲ್ಲಿ ಬಹುಕಾಲದಿಂದಲೂ ಇಬ್ಬರು ಹಕ್ಕುದಾರರಿದ್ದಾರೆ. ಒಂದು ಒಲೆ, ಇನ್ನೊಂದು ಹೊಲ. ತಟ್ಟಿ ಒಣಗಿಸಿದರೆ ಅದು ಬೆರಣಿ. ತಿಪ್ಪೆಗೆ ಹಾಕಿದರೆ ಗೊಬ್ಬರ. ಬೆರಣಿಯಾಗಿ ಉರಿದುದು ಮರಳಿ ಮಣ್ಣಿಗೆ ಸೇರುವುದಿಲ್ಲ; ಗೊಬ್ಬರವಾಗಿ ಹೊಲ ಸೇರಿದುದು ಅನ್ನ ಬೇಯಿಸುವುದಿಲ್ಲ. ಸೌದೆ ದುರ್ಲಭವಾದ ಬಯಲುನಾಡಿನ ಬಡಸಂಸಾರಕ್ಕೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ದಿನನಿತ್ಯದ ಕಷ್ಟವಾಗಿತ್ತು. ಒಂದೇ ಸಗಣಿಯಿಂದ ಇಂಧನವನ್ನೂ ಗೊಬ್ಬರವನ್ನೂ ಪಡೆಯಬಹುದೆಂಬ ಆಶ್ವಾಸನೆಯೇ ಗೋಬರ್ ಅನಿಲದ ಆಕರ್ಷಣೆ. ಈ ಆಶ್ವಾಸನೆಯ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರದ ಇತಿಹಾಸವೆಂದು ಬರೆಯುವುದುಂಟು. ಆದರೆ ಸಗಣಿ ಯಾರದು, ಅನಿಲ ಯಾರದು ಎಂಬ ಪ್ರಶ್ನೆಯನ್ನು ಬಿಟ್ಟರೆ ಆ ಇತಿಹಾಸದ ಅರ್ಧಭಾಗ ಮರೆಯಾಗುತ್ತದೆ.

ಈ ಕಥೆಯ ಭಾರತೀಯ ಉಪಕ್ರಮವು ಮುಂಬಯಿಯ ಮಾಟುಂಗದಲ್ಲಾದುದು ಇಲ್ಲಿನ ಕನ್ನಡಿಗರಿಗೆ ಕುತೂಹಲದ ಸಂಗತಿಯಾದೀತು. ಮೈಸೂರು ಅಸೋಸಿಯೇಷನ್ನಿನ ಮೂಲಕ ಕನ್ನಡ ಜಗತ್ತಿಗೆ ಪರಿಚಿತವಾದ ಈ ಬಡಾವಣೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರಾಚೆಯ ನೆಲವಾಗಿತ್ತು. ನಿರ್ಗತಿಕ ಕುಷ್ಠರೋಗಿಗಳಿಗಾಗಿ ಅಲ್ಲಿ 1890ರಲ್ಲಿ ಒಂದು ಆಶ್ರಯಧಾಮ ಏರ್ಪಟ್ಟಿತು. 1897ರಲ್ಲಿ ಆ ಧಾಮದ ಮಲತೊಟ್ಟಿಯಿಂದ ಹೊರಡುವ ಅನಿಲವನ್ನು ಹಿಡಿದು ದೀಪಕ್ಕೆ ಬಳಸಲಾಯಿತು. 1907ರಲ್ಲಿ ಅದರಿಂದಲೇ ಒಂದು ಇಂಜಿನ್ನನ್ನೂ ಓಡಿಸಲಾಯಿತು. ಅದು ದನದ ಸಗಣಿಯಲ್ಲ, ಸಮಾಜ ದೂರವಿಟ್ಟ ರೋಗಿಗಳ ಮಲ. ತತ್ತ್ವ ಮಾತ್ರ ಒಂದೇ. ಗಾಳಿ ಸೇರದಂತೆ ಮುಚ್ಚಿದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಕೊಳೆಯುವ ವಸ್ತುವನ್ನು ಒಡೆದಾಗ ಮೀಥೇನ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಸಗಣಿಯ ಗೊಬ್ಬರದಿಂದ ಹೊರಡುವ ಅನಿಲದಲ್ಲಿ ಮೀಥೇನ್ ಇರುವುದನ್ನು ಇಂಗ್ಲೆಂಡಿನ ಹಂಫ್ರಿ ಡೇವಿ 1808ರಷ್ಟು ಹಿಂದೆಯೇ ಗುರುತಿಸಿದ್ದನು.

ಮಾಟುಂಗದ ಪ್ರಯೋಗ ಹಳ್ಳಿಯ ಕೊಟ್ಟಿಗೆಯನ್ನು ಮುಟ್ಟಲು ಅರ್ಧ ಶತಮಾನವೇ ಬೇಕಾಯಿತು. 1939ರಲ್ಲಿ ದೆಹಲಿಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿಯವರು ಸಗಣಿಯ ಮೇಲೆ ಪ್ರಯೋಗಗಳನ್ನು ನಡೆಸಿದರು. 1951ರ ಸುಮಾರಿಗೆ ಜಶಭಾಯಿ ಪಟೇಲರು ರೈತರ ಅಳವಿಗೆ ಬರುವ ಒಂದು ಸ್ಥಾವರವನ್ನು ರೂಪಿಸಿ ಅದಕ್ಕೆ ‘ಗ್ರಾಮಲಕ್ಷ್ಮಿ’ ಎಂದು ಹೆಸರಿಟ್ಟರು. ಮುಂಬಯಿಯಲ್ಲೇ ಕೇಂದ್ರ ಕಚೇರಿಯುಳ್ಳ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1960ರ ದಶಕದ ಆರಂಭದಲ್ಲಿ ಈ ಮಾದರಿಯನ್ನು ಕೈಗೆತ್ತಿಕೊಂಡು ದೇಶದಲ್ಲೆಲ್ಲ ಪ್ರಚಾರಕ್ಕೆ ತಂದಿತು.

ಇದರ ರಚನೆ ಸರಳವಾದುದು. ಇಟ್ಟಿಗೆಯಿಂದ ಕಟ್ಟಿದ ಬಾವಿಯಂಥ ಗುಂಡಿ. ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡೋಲು. ಸಗಣಿಗೆ ಸಮಪ್ರಮಾಣದ ನೀರು ಬೆರೆಸಿ ಒಂದು ಕಡೆಯಿಂದ ಬಿಟ್ಟರೆ, ಅನಿಲ ತುಂಬಿದಂತೆ ಡೋಲು ಮೇಲೇಳುತ್ತದೆ. ಕೆಲವು ವಾರ ಕೊಳೆತ ಬಗ್ಗಡ ಇನ್ನೊಂದು ಕಡೆಯಿಂದ ಹೊರಬರುತ್ತದೆ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ದೊರೆಯುತ್ತದೆ. ಬೆರಣಿ ಉರಿಸಿದಾಗ ಅದರ ಶಾಖದಲ್ಲಿ ಸುಮಾರು ಹತ್ತನೆಯ ಒಂದು ಪಾಲಷ್ಟೇ ಪಾತ್ರೆಗೆ ತಲುಪಿದರೆ, ಅನಿಲದ ಒಲೆಯಲ್ಲಿ ಅರ್ಧಕ್ಕೂ ಹೆಚ್ಚು ತಲುಪುತ್ತದೆ. ಸಗಣಿಯಲ್ಲಿದ್ದ ಸಾರಜನಕವಾದರೋ ಬಹುಮಟ್ಟಿಗೆ ಬಗ್ಗಡದಲ್ಲೇ ಉಳಿದು ಹೊಲಕ್ಕೆ ಹೋಗುತ್ತದೆ. ಒಲೆ ಮತ್ತು ಹೊಲಗಳ ಹಳೆಯ ವ್ಯಾಜ್ಯ ಇಲ್ಲಿಗೆ ತೀರಬೇಕಾಗಿತ್ತು.

1973ರಲ್ಲಿ ಎಣ್ಣೆಯ ಬೆಲೆ ಒಮ್ಮೆಗೇ ಏರಿದಾಗ ಈ ವಿಚಾರಕ್ಕೆ ಹೊಸ ತೂಕ ಬಂದಿತು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಮೂಲ್ಯ ಕುಮಾರ ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ಒಂದು ಲೆಕ್ಕವನ್ನು ಮುಂದಿಟ್ಟರು. ಕಲ್ಲಿದ್ದಲನ್ನವಲಂಬಿಸಿದ ಒಂದು ದೊಡ್ಡ ರಸಗೊಬ್ಬರ ಕಾರ್ಖಾನೆ ವರ್ಷಕ್ಕೆ ಒದಗಿಸುವಷ್ಟೇ ಸಾರಜನಕವನ್ನು 26,150 ಗ್ರಾಮಸ್ಥಾವರಗಳು ಒದಗಿಸಬಲ್ಲವು. ಮೊದಲನೆಯದು ಶಕ್ತಿಯನ್ನು ನುಂಗುತ್ತದೆ, ಎರಡನೆಯದು ಶಕ್ತಿಯನ್ನು ಉತ್ಪಾದಿಸುತ್ತದೆ. ಮೊದಲನೆಯದರಲ್ಲಿ ಸಾವಿರ ಜನರಿಗೆ ಕೆಲಸವಾದರೆ ಎರಡನೆಯದರಲ್ಲಿ ಲಕ್ಷಕ್ಕೂ ಮೀರಿದ ಜನರಿಗೆ. 1974ರಲ್ಲೇ ವಿಜ್ಞಾನ ಮಂದಿರದಲ್ಲಿ ಗ್ರಾಮೀಣ ತಂತ್ರವಿದ್ಯೆಗಾಗಿ ‘ಅಸ್ತ್ರ’ ಎಂಬ ಕೇಂದ್ರ ಸ್ಥಾಪನೆಯಾಯಿತು. ಸರಕಾರದ ಕಡೆಯಿಂದ 1981-82ರಲ್ಲಿ ರಾಷ್ಟ್ರೀಯ ಯೋಜನೆ ಆರಂಭವಾಯಿತು. ಕಬ್ಬಿಣದ ಡೋಲಿಲ್ಲದ, ಅಗ್ಗವಾದ ‘ಜನತಾ’ ಮತ್ತು ‘ದೀನಬಂಧು’ ಮಾದರಿಗಳು 1978 ಮತ್ತು 1984ರಲ್ಲಿ ಬಂದವು. ಸಹಾಯಧನ, ಬ್ಯಾಂಕುಗಳ ಸಾಲ ಎರಡೂ ದೊರೆಯತೊಡಗಿದವು.

ಆದರೆ ಸಾಲ ಯಾರಿಗೆ ದೊರೆತೀತು? ಎರಡು ಘನಮೀಟರಿನ ಸಣ್ಣ ಸ್ಥಾವರಕ್ಕೂ ದಿನಕ್ಕೆ 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನಗಳು ಬೇಕು. ಗುಂಡಿ ತೋಡಲು ಸ್ವಂತ ಜಾಗ ಬೇಕು, ಬೆರೆಸಲು ನೀರು ಬೇಕು. ‘ದೀನಬಂಧು’ವಿನ ಬಾಗಿಲೂ ನಿಜವಾದ ದೀನನಿಗೆ ತೆರೆಯುವುದು ಕಷ್ಟವಾಗಿತ್ತು. ಇದಕ್ಕಿಂತ ಗಂಭೀರವಾದ ಇನ್ನೊಂದು ಅಂಶವಿದೆ. ದಾರಿಯಲ್ಲಿ, ಗೋಮಾಳದಲ್ಲಿ ಬಿದ್ದ ಸಗಣಿಯನ್ನು ಆಯ್ದು ಬೆರಣಿ ತಟ್ಟುವುದು ಭೂಹೀನ ಹೆಂಗಸರ ಪಾಲಿನ ಹಕ್ಕಿನಂತಿತ್ತು. ಯಾವ ದಾಖಲೆಯಲ್ಲೂ ಅದು ಬರೆದಿರಲಿಲ್ಲ. ಬೆಲೆಯಿಲ್ಲದ ವಸ್ತುವಾದ್ದರಿಂದಲೇ ಸಗಣಿ ಅವರಿಗೆ ಉಳಿದಿತ್ತು. ಸ್ಥಾವರ ಬಂದ ದಿನ ಸಗಣಿಗೆ ಬೆಲೆ ಬಂತು. ಬೆಲೆ ಬಂದೊಡನೆ ಅದು ದನದ ಒಡೆಯನ ಸ್ವತ್ತಾಯಿತು. ಇದ್ದವನ ಒಲೆಯಲ್ಲಿ ಹೊಗೆ ತಗ್ಗಿದಾಗ ಇಲ್ಲದವಳ ಬುಟ್ಟಿ ಬರಿದಾಗುವ ಸಂಭವವಿತ್ತು.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದುದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರವೆಂಬ ಚಿಕ್ಕ ಗ್ರಾಮ. ಊರಿನ ಸಗಣಿಯೆಲ್ಲವನ್ನೂ ಒಂದೆಡೆ ಕೂಡಿಸಿ ಎಲ್ಲ ಮನೆಗಳಿಗೂ ಅಡುಗೆಯ ಅನಿಲ ಕೊಡುವುದು ‘ಅಸ್ತ್ರ’ದ ಮೊದಲ ಯೋಜನೆ. ಅದು ನಡೆಯಲಿಲ್ಲ. ಪುಸ್ತಕದಲ್ಲಿ ಒಂದು ದನಕ್ಕೆ ದಿನಕ್ಕೆ 10 ಕಿಲೋ ಸಗಣಿಯೆಂದಿದ್ದರೂ ಬಯಲಲ್ಲಿ ಮೇಯ್ದು ಬರುವ ಬಡಕಲು ದನಗಳಿಂದ ಕೈಗೆ ಸಿಕ್ಕುತ್ತಿದ್ದುದು ಬಹಳ ಕಡಿಮೆ. ಮೇಲಾಗಿ ಸೌದೆಯನ್ನು ಜನರು ಕಾಸಿಲ್ಲದೆ ಆಯ್ದು ತರುತ್ತಿದ್ದರು. ವಿಜ್ಞಾನಿಗಳು ತಮ್ಮ ಎಣಿಕೆಯನ್ನು ತಿದ್ದಿಕೊಂಡರು. ಊರವರಿಗೆ ಮೊದಲು ಬೇಕಾದುದು ಶುದ್ಧವಾದ ನೀರು ಎಂಬುದು ಅವರಿಗೆ ಮನವರಿಕೆಯಾಯಿತು. 1987ರಿಂದ ಅನಿಲವನ್ನು ಡೀಸೆಲ್ ಇಂಜಿನ್ನಿಗೆ ಹರಿಸಿ, 5 ಕಿಲೋವ್ಯಾಟ್ ಶಕ್ತಿಯ ಆ ಯಂತ್ರದಿಂದ ಕೊಳವೆ ಬಾವಿಯ ನೀರನ್ನೆತ್ತಿ ನಲ್ಲಿಗಳಿಗೆ ಬಿಡಲಾಯಿತು. ಬಳಿಕ ಮನೆಗಳಿಗೆ ದೀಪವೂ ಬಂತು.

ಅಲ್ಲಿನ ಏರ್ಪಾಡು ಯಂತ್ರಕ್ಕಿಂತ ಗಮನಾರ್ಹವಾದುದು. ಸಗಣಿ ತಂದವರಿಗೆ ಅದನ್ನು ತೂಗಿ, ಬರೆದಿಟ್ಟು, ಹೊತ್ತು ತಂದ ಶ್ರಮಕ್ಕೆ ಸಣ್ಣ ಮೊತ್ತ ಸಲ್ಲುತ್ತಿತ್ತು. ಕೊಟ್ಟ ಸಗಣಿಗೆ ತಕ್ಕಷ್ಟು ಬಗ್ಗಡ ಗೊಬ್ಬರವಾಗಿ ಅವರ ಮನೆಗೇ ಮರಳುತ್ತಿತ್ತು. ಸ್ಥಾವರವನ್ನು ನಡೆಸಿದವರು ಊರಿನ ಇಬ್ಬರು ಯುವಕರೇ. ನೀರು ಮಾತ್ರ, ದನವುಳ್ಳವರು ದನವಿಲ್ಲದವರು ಎಂಬ ಭೇದವಿಲ್ಲದೆ ಎಲ್ಲರಿಗೂ. ಸಮುದಾಯದ ಸ್ವತ್ತು ಹಾಳಾಗಿಯೇ ತೀರುವುದೆಂಬ ಪ್ರಸಿದ್ಧ ವಾದಕ್ಕೆ ಪುರದ ಅನುಭವವನ್ನೇ ರೆಡ್ಡಿಯವರು 1995ರಲ್ಲಿ ಉತ್ತರವಾಗಿ ಬರೆದರು.

ಇದೇ ಕರ್ನಾಟಕದ ಮಲೆನಾಡಿನಲ್ಲಿ, ಶಿರಸಿಯ ಸುತ್ತಮುತ್ತ, ಮನೆಮನೆಯ ಸ್ಥಾವರಗಳೂ ಯಶಸ್ವಿಯಾದವು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅವುಗಳಲ್ಲಿ ಬಹುಪಾಲು ಸುಸ್ಥಿತಿಯಲ್ಲಿದ್ದುದನ್ನು ದಾಖಲಿಸಿತು. ಅಡಕೆ ತೋಟದ ಆದಾಯ, ಕೊಟ್ಟಿಗೆಯ ದನ, ಧಾರಾಳವಾದ ನೀರು, ಕೆಟ್ಟರೆ ಬಂದು ಸರಿಪಡಿಸುವ ಸ್ಥಳೀಯ ಕೆಲಸಗಾರರು ಇಷ್ಟೂ ಅಲ್ಲಿ ಕೂಡಿಬಂದಿದ್ದವು. ಇವು ಇಲ್ಲದ ಬಯಲುಸೀಮೆಗೆ ಪುರದ ದಾರಿಯೇ ಹೆಚ್ಚು ಅಗತ್ಯವಾಗಿತ್ತು. ಆದರೆ ಊರನ್ನೇ ಕೂಡಿಸಬೇಕಾದ ಆ ದಾರಿ ಊರೂರಿಗೆ ಹಬ್ಬಲಿಲ್ಲ. ಒಂದು ಮನೆಗೆ ಸಾಲ ಕೊಡುವ ಕ್ರಮ ಎಲ್ಲ ಕಚೇರಿಗಳಿಗೂ ಗೊತ್ತಿತ್ತು. ಒಂದು ಊರಿಗೆ ಸಾಲ ಕೊಡುವ ಕ್ರಮ ಹೆಚ್ಚಿನ ಕಡೆ ಇರಲಿಲ್ಲ.

ಈಚಿನ ವರ್ಷಗಳಲ್ಲಿ ಸಗಣಿಯ ಮಾತು ಮತ್ತೆ ದೊಡ್ಡ ಪ್ರಮಾಣದಲ್ಲಿ ಕೇಳಿಬಂದಿದೆ. 2018ರಲ್ಲಿ ‘ಗೋಬರ್ ಧನ್’ ಯೋಜನೆಯೂ, ಅನಿಲವನ್ನು ಶುದ್ಧಿಮಾಡಿ ಒತ್ತಿ ವಾಹನಗಳಿಗೆ ಮಾರುವ ಇನ್ನೊಂದು ಯೋಜನೆಯೂ ಆರಂಭವಾದವು. ಎರಡನೆಯದರಲ್ಲಿ 5,000 ಸ್ಥಾವರಗಳ ಗುರಿಯನ್ನಿಟ್ಟುಕೊಳ್ಳಲಾಗಿತ್ತಾದರೂ ಐದು ವರ್ಷಗಳಲ್ಲಿ ಅದರ ಅಲ್ಪಾಂಶವಷ್ಟೇ ಕೈಗೂಡಿತು. 2020ರಲ್ಲಿ ಛತ್ತೀಸಗಢ ಸರಕಾರವು ಮುಖ್ಯವಾಗಿ ಗೊಬ್ಬರ ತಯಾರಿಕೆಗಾಗಿ ಕಿಲೋಗೆ 2 ರೂಪಾಯಿಯಂತೆ ಸಗಣಿಯನ್ನು ಕೊಳ್ಳಲು ತೊಡಗಿದಾಗ, ಸಗಣಿಗೆ ಸರಕಾರವೇ ದರ ನಿಗದಿಮಾಡಿದಂತಾಯಿತು.

ಬೆಲೆ ಬಂದುದು ದೋಷವಲ್ಲ. ಪುರದಲ್ಲಿಯೂ ಸಗಣಿ ಹೊತ್ತ ಶ್ರಮಕ್ಕೆ ಹಣ ಸಲ್ಲುತ್ತಿತ್ತು. ಅಲ್ಲಿ ಆ ಹಣ ಸಗಣಿ ಹೊತ್ತವರ ಕೈಗೆ ಬಂತು, ಗೊಬ್ಬರ ಅವರ ಮನೆಗೆ ಬಂತು, ನೀರು ಎಲ್ಲರ ಕೊಡಕ್ಕೆ ಬಂತು. ದಿನಕ್ಕೆ ಹತ್ತಾರು ಟನ್ ಸಗಣಿ ಬೇಡುವ ಸ್ಥಾವರ ಊರಾಚೆ ನಿಂತಾಗಲೂ ಈ ಮೂರು ಲೆಕ್ಕಗಳನ್ನು ಕೇಳಬೇಕಾಗುತ್ತದೆ. ಮಾಟುಂಗದಲ್ಲಿ ದೀಪ ಹತ್ತಿ ಶತಮಾನ ಕಳೆದು ಕಾಲು ಶತಮಾನಕ್ಕೂ ಹೆಚ್ಚಾಯಿತು. ಅನಿಲ ಉರಿಯುವುದೇ ಎಂಬ ಸಂದೇಹ ಅಂದೇ ತೀರಿತ್ತು. ಅದು ಯಾರ ಮನೆಯಲ್ಲಿ ಉರಿಯಬೇಕೆಂಬುದು ಇನ್ನೂ ತೀರ್ಮಾನವಾಗಬೇಕಾಗಿದೆ.