ಸಿಯಾಟಲ್ ನಗರದಲ್ಲಿ ಎನ್‌ಬಿಎ ತಂಡದ ಪುನಃಸ್ಥಾಪನೆ

ಸಿಯಾಟಲ್ ನಗರದಲ್ಲಿ ಎನ್‌ಬಿಎ ತಂಡದ ಪುನಃಸ್ಥಾಪನೆ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ವಾಷಿಂಗ್ಟನ್ ರಾಜ್ಯದ ಅತಿ ದೊಡ್ಡ ನಗರವಾದ ಸಿಯಾಟಲ್, ಪುರುಷರ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡವೊಂದನ್ನು ಮತ್ತೆ ಪಡೆದು ಉಳಿಸಿಕೊಳ್ಳಬಲ್ಲದೇ ಎಂಬ ಬಗ್ಗೆ 2008ರಿಂದ ನಡೆದುಬಂದಿರುವ ಚರ್ಚೆ ಮತ್ತು ಪ್ರಯತ್ನಗಳನ್ನು ಸೂಚಿಸುತ್ತದೆ. 1967ರಿಂದ 2008ರವರೆಗೆ 41 ಋತುಗಳ ಕಾಲ ಈ ನಗರದಲ್ಲಿ ಆಡಿದ ಸಿಯಾಟಲ್ ಸೂಪರ್‌ಸಾನಿಕ್ಸ್ ತಂಡವು 2008ರಲ್ಲಿ ಒಕ್ಲಹೋಮ ಸಿಟಿಗೆ ಸ್ಥಳಾಂತರಗೊಂಡಿತು. ಪ್ರೇಕ್ಷಕರ ಕೊರತೆಗಿಂತ ಕ್ರೀಡಾಂಗಣದ ವೆಚ್ಚವನ್ನು ಯಾರು ಭರಿಸಬೇಕೆಂಬ ವಿವಾದವೇ ಈ ಸ್ಥಳಾಂತರಕ್ಕೆ ಮುಖ್ಯ ಕಾರಣವಾಗಿತ್ತು. ಆದುದರಿಂದ ನಗರದ ಸಾಮರ್ಥ್ಯವನ್ನು ಕುರಿತ ಪ್ರಶ್ನೆಯನ್ನು ಕ್ರೀಡಾಂಗಣದ ಇತಿಹಾಸದಿಂದ ಬೇರ್ಪಡಿಸಿ ನೋಡಲಾಗದು.

ಹಿನ್ನೆಲೆ

ಸೂಪರ್‌ಸಾನಿಕ್ಸ್ ಸಿಯಾಟಲ್ ನಗರಕ್ಕೆ ದೊರೆತ ಮೊದಲ ಪ್ರಮುಖ ವೃತ್ತಿಪರ ಕ್ರೀಡಾ ತಂಡ. ಬೋಯಿಂಗ್ ಸಂಸ್ಥೆಯು ಆಗ ಕೈಗೊಂಡಿದ್ದ ಶಬ್ದಾತೀತ ವೇಗದ ಪ್ರಯಾಣಿಕ ವಿಮಾನದ ಯೋಜನೆಯಿಂದ ತಂಡಕ್ಕೆ ಈ ಹೆಸರು ಬಂದಿತು. ವಿಮಾನ ಯೋಜನೆಯು 1971ರಲ್ಲಿ ರದ್ದಾಯಿತು. ಹೆಸರು ಮಾತ್ರ ಉಳಿಯಿತು. 1962ರ ವಿಶ್ವಮೇಳಕ್ಕಾಗಿ ಕಟ್ಟಿದ ಸಿಯಾಟಲ್ ಸೆಂಟರ್ ಕೊಲಿಸಿಯಂ ತಂಡದ ಮೊದಲ ನೆಲೆಯಾಗಿತ್ತು.

ಲೆನ್ನಿ ವಿಲ್ಕೆನ್ಸ್ ತರಬೇತುದಾರರಾಗಿದ್ದ 1979ರಲ್ಲಿ ತಂಡವು ವಾಷಿಂಗ್ಟನ್ ಬುಲೆಟ್ಸ್ ವಿರುದ್ಧ 4–1ರಿಂದ ಗೆದ್ದು ತನ್ನ ಏಕೈಕ ಎನ್‌ಬಿಎ ಪ್ರಶಸ್ತಿಯನ್ನು ಪಡೆಯಿತು. ಆ ವರ್ಷಗಳಲ್ಲಿ ತಂಡವು ಕಿಂಗ್‌ಡೋಮ್ ಎಂಬ ವಿಶಾಲ ಕ್ರೀಡಾಂಗಣದಲ್ಲಿ ಆಡುತ್ತಿತ್ತು. 1979–80ರ ಋತುವಿನಲ್ಲಿ ಪ್ರತಿ ಪಂದ್ಯಕ್ಕೆ ಸರಾಸರಿ 21,000ಕ್ಕೂ ಹೆಚ್ಚು ಪ್ರೇಕ್ಷಕರು ಬಂದರು. ಇದು ಲೀಗ್‌ನಲ್ಲೇ ಅತ್ಯಧಿಕವಾಗಿತ್ತು. 1996ರಲ್ಲಿ ಗ್ಯಾರಿ ಪೇಟನ್ ಮತ್ತು ಶಾನ್ ಕೆಂಪ್ ಅವರಿದ್ದ ತಂಡವು ಅಂತಿಮ ಸರಣಿ ತಲುಪಿ, ಮೈಕೆಲ್ ಜೋರ್ಡನ್ ಅವರ ಚಿಕಾಗೋ ಬುಲ್ಸ್ ಎದುರು 4–2ರಿಂದ ಸೋತಿತು.

ಕೊನೆಯ ಋತುವಾದ 2007–08ರಲ್ಲಿ ತಂಡವು 20 ಪಂದ್ಯಗಳನ್ನಷ್ಟೇ ಗೆದ್ದು 62ರಲ್ಲಿ ಸೋತಿತು. ಸರಾಸರಿ ಪ್ರೇಕ್ಷಕರ ಸಂಖ್ಯೆ 13,000ಕ್ಕೆ ಸ್ವಲ್ಪ ಮೇಲಿತ್ತು. ನಗರಕ್ಕೆ ಆಸಕ್ತಿಯಿಲ್ಲವೆಂಬ ವಾದಕ್ಕೆ ಈ ಅಂಕಿಯನ್ನು ಬಳಸುವುದುಂಟು. ಆದರೆ ಮಾಲೀಕರು ತಂಡವನ್ನು ಬೇರೆಡೆಗೆ ಒಯ್ಯಲಿರುವುದು ಬಹಿರಂಗವಾಗಿದ್ದ, ತಂಡವು ಸತತವಾಗಿ ಸೋಲುತ್ತಿದ್ದ ವರ್ಷದ ಅಂಕಿಯನ್ನು ಸಾಮಾನ್ಯ ಬೇಡಿಕೆಯ ಅಳತೆಗೋಲಾಗಿ ಪರಿಗಣಿಸುವುದು ಸಮಂಜಸವಲ್ಲ.

ಕ್ರೀಡಾಂಗಣದ ವಿವಾದ

ಕೊಲಿಸಿಯಂ ಅನ್ನು 1994–95ರಲ್ಲಿ ಸುಮಾರು 7.5 ಕೋಟಿ ಡಾಲರ್ ವೆಚ್ಚದಲ್ಲಿ ನವೀಕರಿಸಿ ಕೀಅರೀನಾ ಎಂದು ಹೆಸರಿಸಲಾಯಿತು. ಈ ಸಾಲವನ್ನು ಐಷಾರಾಮಿ ಆಸನಕೋಣೆಗಳ ಬಾಡಿಗೆ ಮುಂತಾದ ಕ್ರೀಡಾಂಗಣದ ಆದಾಯದಿಂದಲೇ ತೀರಿಸುವುದು ನಗರದ ಯೋಜನೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. 1999ರಲ್ಲಿ ಬೇಸ್‌ಬಾಲ್ ತಂಡಕ್ಕೂ 2002ರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡಕ್ಕೂ ಸಾರ್ವಜನಿಕ ಹಣದ ನೆರವಿನಿಂದ ಹೊಸ ಕ್ರೀಡಾಂಗಣಗಳು ತೆರೆದುಕೊಂಡವು. ಅಂತಹ ಆಸನಕೋಣೆಗಳನ್ನು ಬಾಡಿಗೆಗೆ ಪಡೆಯುವ ಕಂಪನಿಗಳು ಹಂಚಿಹೋದವು. ಕೀಅರೀನಾ ಲೀಗ್‌ನ ಅತಿ ಚಿಕ್ಕ ಕ್ರೀಡಾಂಗಣಗಳಲ್ಲಿ ಒಂದಾಗಿ ಉಳಿಯಿತು.

ಸ್ಟಾರ್‌ಬಕ್ಸ್ ಮುಖ್ಯಸ್ಥ ಹೋವರ್ಡ್ ಶುಲ್ಟ್ಸ್ ನೇತೃತ್ವದ ಗುಂಪು 2001ರಲ್ಲಿ ತಂಡವನ್ನು ಸುಮಾರು 20 ಕೋಟಿ ಡಾಲರ್‌ಗೆ ಕೊಂಡಿತು. ಮತ್ತೊಂದು ನವೀಕರಣಕ್ಕೆ ಸುಮಾರು 22 ಕೋಟಿ ಡಾಲರ್ ಸಾರ್ವಜನಿಕ ಹಣ ಬೇಕೆಂಬ ಅದರ ಬೇಡಿಕೆಯನ್ನು ರಾಜ್ಯ ಶಾಸನಸಭೆ ಪುರಸ್ಕರಿಸಲಿಲ್ಲ. 2006ರಲ್ಲಿ ಶುಲ್ಟ್ಸ್ ಪುರುಷರ ತಂಡವನ್ನೂ ಸಿಯಾಟಲ್ ಸ್ಟಾರ್ಮ್ ಎಂಬ ಮಹಿಳಾ ತಂಡವನ್ನೂ ಕ್ಲೇ ಬೆನೆಟ್ ನೇತೃತ್ವದ ಒಕ್ಲಹೋಮದ ಹೂಡಿಕೆದಾರರಿಗೆ 35 ಕೋಟಿ ಡಾಲರ್‌ಗೆ ಮಾರಿದರು. ಅದೇ ನವೆಂಬರ್‌ನಲ್ಲಿ ಸಿಯಾಟಲ್ ಮತದಾರರು 'ಇನಿಶಿಯೇಟಿವ್ 91' ಎಂಬ ಪ್ರಸ್ತಾವವನ್ನು ಸುಮಾರು ಮುಕ್ಕಾಲು ಪಾಲು ಮತಗಳಿಂದ ಅಂಗೀಕರಿಸಿದರು. ವೃತ್ತಿಪರ ತಂಡಗಳಿಗೆ ನಗರವು ನೀಡುವ ಯಾವುದೇ ನೆರವು 30 ವರ್ಷಗಳ ಸರ್ಕಾರಿ ಸಾಲಪತ್ರದಷ್ಟಾದರೂ ಪ್ರತಿಫಲ ತರಬೇಕೆಂಬುದು ಇದರ ಷರತ್ತು. ಜನರು ಬ್ಯಾಸ್ಕೆಟ್‌ಬಾಲ್ ಅನ್ನು ತಿರಸ್ಕರಿಸಿದರು ಎಂದು ಈ ಮತವನ್ನು ಅರ್ಥೈಸಿದವರಿದ್ದಾರೆ. ವಾಸ್ತವದಲ್ಲಿ ಮತ ಬಿದ್ದದ್ದು ತೆರಿಗೆ ಹಣದ ಬಳಕೆಯ ವಿರುದ್ಧ. 2000ರಲ್ಲಿ ನೆಲಸಮವಾದ ಕಿಂಗ್‌ಡೋಮ್‌ನ ಸಾಲವನ್ನು ಸ್ಥಳೀಯ ತೆರಿಗೆದಾರರು ಆಗಿನ್ನೂ ತೀರಿಸುತ್ತಲೇ ಇದ್ದರೆಂಬುದನ್ನು ಇಲ್ಲಿ ಮರೆಯಬಾರದು.

ನೆರೆಯ ರೆಂಟನ್ ಪಟ್ಟಣದಲ್ಲಿ ಸುಮಾರು 50 ಕೋಟಿ ಡಾಲರ್ ವೆಚ್ಚದ ಕ್ರೀಡಾಂಗಣ ಕಟ್ಟಬೇಕೆಂಬ ಬೆನೆಟ್ ಅವರ ಪ್ರಸ್ತಾವವೂ 2007ರಲ್ಲಿ ಶಾಸನಸಭೆಯಲ್ಲಿ ಬಿದ್ದುಹೋಯಿತು. ತಂಡವನ್ನು ಸಿಯಾಟಲ್‌ನಲ್ಲಿ ಉಳಿಸುವ ಉದ್ದೇಶದಿಂದ ಕೊಂಡದ್ದಲ್ಲ ಎಂಬರ್ಥದ ಹೇಳಿಕೆಯನ್ನು ಪತ್ರಿಕೆಗೆ ನೀಡಿದ ಸಹಮಾಲೀಕ ಆಬ್ರಿ ಮೆಕ್ಲೆಂಡನ್ ಅವರಿಗೆ ಲೀಗ್ 2,50,000 ಡಾಲರ್ ದಂಡ ವಿಧಿಸಿತು. ಇತ್ತ ಕತ್ರಿನಾ ಚಂಡಮಾರುತದ ಬಳಿಕ ನ್ಯೂ ಆರ್ಲಿಯನ್ಸ್ ತಂಡಕ್ಕೆ ಎರಡು ಋತು ಆಶ್ರಯ ನೀಡಿದ್ದ ಒಕ್ಲಹೋಮ ಸಿಟಿ, ತನ್ನ ಮಾರುಕಟ್ಟೆಯ ಶಕ್ತಿಯನ್ನು ಆಗಲೇ ತೋರಿಸಿಕೊಟ್ಟಿತ್ತು. 2008ರ ಏಪ್ರಿಲ್‌ನಲ್ಲಿ ಲೀಗ್‌ನ ಮಾಲೀಕರು 28–2 ಮತಗಳಿಂದ ಸ್ಥಳಾಂತರಕ್ಕೆ ಒಪ್ಪಿದರು. ವಿರೋಧಿಸಿದವರು ಡಲ್ಲಾಸ್ ತಂಡದ ಮಾರ್ಕ್ ಕ್ಯೂಬನ್ ಮತ್ತು ಪೋರ್ಟ್‌ಲ್ಯಾಂಡ್ ತಂಡದ ಮಾಲೀಕರಾಗಿದ್ದ, ಸಿಯಾಟಲ್ ಮೂಲದ ಪಾಲ್ ಆಲೆನ್.

ಗುತ್ತಿಗೆಯು 2010ರವರೆಗೆ ಇದ್ದುದರಿಂದ ನಗರವು ನ್ಯಾಯಾಲಯದ ಮೊರೆಹೋಯಿತು. ತೀರ್ಪು ಹೊರಬೀಳುವ ಮುನ್ನವೇ, 2008ರ ಜುಲೈ 2ರಂದು, ರಾಜಿಯಾಯಿತು. ಮಾಲೀಕರು 4.5 ಕೋಟಿ ಡಾಲರ್ ಕೊಟ್ಟು ಹೊರಟರು. ತಂಡದ ಹೆಸರು, ಲಾಂಛನ ಮತ್ತು ಬಣ್ಣಗಳು ಮುಂದಿನ ತಂಡಕ್ಕಾಗಿ ಸಿಯಾಟಲ್‌ನಲ್ಲೇ ಉಳಿದವು. ಮಹಿಳಾ ತಂಡವನ್ನು ಅದೇ ವರ್ಷ ಸ್ಥಳೀಯ ಮಹಿಳೆಯರ ಗುಂಪೊಂದು ಕೊಂಡು ಉಳಿಸಿಕೊಂಡಿತು. 2004, 2010, 2018 ಮತ್ತು 2020ರಲ್ಲಿ ಪ್ರಶಸ್ತಿ ಗೆದ್ದ ಈ ತಂಡವು ಇಲ್ಲಿಯೇ ಆಡುತ್ತಿದೆ. ನಗರವು ಬ್ಯಾಸ್ಕೆಟ್‌ಬಾಲ್ ಇಲ್ಲದೆ ಉಳಿಯಿತೆಂಬ ಮಾತು ಈ ಅರ್ಥದಲ್ಲಿ ಪೂರ್ಣ ಸತ್ಯವಲ್ಲ.

ವಿಫಲ ಪ್ರಯತ್ನಗಳು

ಹೂಡಿಕೆದಾರ ಕ್ರಿಸ್ ಹ್ಯಾನ್ಸನ್ 2012ರಲ್ಲಿ ನಗರದ ದಕ್ಷಿಣದ ಸೋಡೊ ಪ್ರದೇಶದಲ್ಲಿ ಸುಮಾರು 49 ಕೋಟಿ ಡಾಲರ್‌ನ ಕ್ರೀಡಾಂಗಣವನ್ನು ಪ್ರಸ್ತಾಪಿಸಿದರು. ಸಾರ್ವಜನಿಕ ಪಾಲು ಗರಿಷ್ಠ 20 ಕೋಟಿ ಡಾಲರ್ ಆಗಿದ್ದು, ಅದು ಕ್ರೀಡಾಂಗಣದ ಬಾಡಿಗೆ ಮತ್ತು ತೆರಿಗೆಗಳಿಂದಲೇ ಮರಳಬೇಕಿತ್ತು. ಮರುವರ್ಷ ಅವರೂ ಮೈಕ್ರೋಸಾಫ್ಟ್‌ನ ಸ್ಟೀವ್ ಬಾಲ್ಮರ್ ಅವರೂ ಸ್ಯಾಕ್ರಮೆಂಟೊ ಕಿಂಗ್ಸ್ ತಂಡವನ್ನು ಕೊಂಡು ಸಿಯಾಟಲ್‌ಗೆ ತರಲು ಮುಂದಾದರು. 2013ರ ಮೇ ತಿಂಗಳಲ್ಲಿ ಮಾಲೀಕರು 22–8 ಮತಗಳಿಂದ ಸ್ಥಳಾಂತರವನ್ನು ತಿರಸ್ಕರಿಸಿದರು. ಕಿಂಗ್ಸ್ ತಂಡವು ಮುಂಬಯಿ ಮೂಲದ ಉದ್ಯಮಿ ವಿವೇಕ್ ರಣದಿವೆ ನೇತೃತ್ವದ ಗುಂಪಿನ ಪಾಲಾಗಿ ಸ್ಯಾಕ್ರಮೆಂಟೊದಲ್ಲೇ ಉಳಿಯಿತು. ಇದೇ ತಂಡ 2019ರಲ್ಲಿ ಮುಂಬಯಿಯಲ್ಲಿ ಇಂಡಿಯಾನಾ ಪೇಸರ್ಸ್ ಜೊತೆ ಋತುಪೂರ್ವ ಪಂದ್ಯಗಳನ್ನಾಡಿತು. ಬಾಲ್ಮರ್ 2014ರಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ತಂಡವನ್ನು 200 ಕೋಟಿ ಡಾಲರ್‌ಗೆ ಕೊಂಡರು. ಸಿಯಾಟಲ್‌ನ ಅತಿ ಶ್ರೀಮಂತ ಅಭ್ಯರ್ಥಿ ಹೀಗೆ ಕಣದಿಂದ ಹೊರಬಿದ್ದರು.

ಸೋಡೊ ಯೋಜನೆಗೆ ಬಂದರು ಪ್ರಾಧಿಕಾರದ ವಿರೋಧವಿತ್ತು. ಲಾರಿಗಳ ಸಂಚಾರಕ್ಕೆ ಅಡ್ಡಿಯಾಗುವುದೆಂಬುದು ಅದರ ಆಕ್ಷೇಪ. ಯೋಜನೆಗಾಗಿ ರಸ್ತೆಯೊಂದರ ಭಾಗವನ್ನು ಬಿಟ್ಟುಕೊಡುವ ಪ್ರಸ್ತಾವವನ್ನು 2016ರ ಮೇ 2ರಂದು ನಗರ ಮಂಡಳಿ 5–4ರಿಂದ ತಳ್ಳಿಹಾಕಿತು. ವಿರೋಧವಾಗಿ ಮತ ಹಾಕಿದ ಐವರೂ ಮಹಿಳೆಯರಾಗಿದ್ದು, ಅವರಿಗೆ ನಿಂದನೆಯ ಸಂದೇಶಗಳ ಸುರಿಮಳೆಯಾಯಿತು.

ಕ್ಲೈಮೇಟ್ ಪ್ಲೆಡ್ಜ್ ಅರೀನಾ

ಪರಿಹಾರ ಬಂದದ್ದು ಹಳೆಯ ಕಟ್ಟಡದಿಂದಲೇ. ಓಕ್ ವ್ಯೂ ಗ್ರೂಪ್ ಸಂಸ್ಥೆಯು ಖಾಸಗಿ ಹಣದಲ್ಲಿ ಕೀಅರೀನಾವನ್ನು ಪುನರ್ನಿರ್ಮಿಸುವ ಒಪ್ಪಂದವನ್ನು 2017ರಲ್ಲಿ ನಗರದೊಡನೆ ಮಾಡಿಕೊಂಡಿತು. ವಾಸ್ತುಶಿಲ್ಪಿ ಪಾಲ್ ಥೈರಿ ವಿನ್ಯಾಸಗೊಳಿಸಿದ 1962ರ ಛಾವಣಿಗೆ ಪಾರಂಪರಿಕ ರಕ್ಷಣೆ ಇದ್ದುದರಿಂದ ಅದನ್ನು ಕೆಡವುವಂತಿರಲಿಲ್ಲ. ಸುಮಾರು 20,000 ಟನ್ ತೂಕದ ಛಾವಣಿಯನ್ನು ತಾತ್ಕಾಲಿಕ ಕಂಬಗಳ ಮೇಲೆ ನಿಲ್ಲಿಸಿ, ಅದರಡಿಯ ನೆಲವನ್ನು ಇನ್ನೂ ಆಳವಾಗಿ ಅಗೆದು ಹೊಸ ಕ್ರೀಡಾಂಗಣವನ್ನು ಕಟ್ಟಲಾಯಿತು. ಸುಮಾರು 115 ಕೋಟಿ ಡಾಲರ್ ವೆಚ್ಚದ ಈ ಕಟ್ಟಡವು ಕ್ಲೈಮೇಟ್ ಪ್ಲೆಡ್ಜ್ ಅರೀನಾ ಎಂಬ ಹೆಸರಿನಲ್ಲಿ 2021ರ ಅಕ್ಟೋಬರ್‌ನಲ್ಲಿ ತೆರೆಯಿತು. ನಾಮಕರಣದ ಹಕ್ಕು ಅಮೆಜಾನ್ ಸಂಸ್ಥೆಯದು.

ಹಳೆಯ ಕಟ್ಟಡವನ್ನು ಮುಚ್ಚುವ ಮುನ್ನ 2018ರ ಅಕ್ಟೋಬರ್ 5ರಂದು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ನಡುವೆ ಋತುಪೂರ್ವ ಪಂದ್ಯವೊಂದು ನಡೆಯಿತು. ಸಾನಿಕ್ಸ್ ಪರವಾಗಿ ತಮ್ಮ ಮೊದಲ ಋತುವನ್ನು ಆಡಿದ್ದ ಕೆವಿನ್ ಡುರಾಂಟ್, ಅಂದು ಶಾನ್ ಕೆಂಪ್ ಅವರ ಹಳೆಯ ಅಂಗಿ ತೊಟ್ಟು ಅಂಕಣಕ್ಕೆ ಬಂದರು.

ಮಾರುಕಟ್ಟೆಯ ಸಾಮರ್ಥ್ಯ

2020ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 7,37,015. ಟಕೋಮಾ, ಬೆಲ್‌ವ್ಯೂ ಸೇರಿದ ಮಹಾನಗರ ಪ್ರದೇಶದ್ದು 40 ಲಕ್ಷಕ್ಕೂ ಹೆಚ್ಚು. ಮೈಕ್ರೋಸಾಫ್ಟ್, ಅಮೆಜಾನ್, ಸ್ಟಾರ್‌ಬಕ್ಸ್ ಮತ್ತು ಕಾಸ್ಟ್‌ಕೋ ಸಂಸ್ಥೆಗಳ ಕೇಂದ್ರ ಕಚೇರಿಗಳು ಇಲ್ಲಿವೆ. ಐಷಾರಾಮಿ ಆಸನಕೋಣೆ ಮತ್ತು ಪ್ರಾಯೋಜಕತ್ವದ ದೃಷ್ಟಿಯಿಂದ ಇದು 2008ರ ಸಿಯಾಟಲ್‌ಗಿಂತ ಬಹಳ ಭಿನ್ನವಾದ ಊರು.

ಎನ್‌ಬಿಎ ತಂಡವೊಂದು ಋತುವಿಗೆ 41 ಪಂದ್ಯಗಳನ್ನು ತವರಿನಲ್ಲಿ ಆಡುತ್ತದೆ. ಪಂದ್ಯಕ್ಕೆ 18,000 ಆಸನಗಳೆಂದರೆ ವರ್ಷಕ್ಕೆ ಸುಮಾರು 7.4 ಲಕ್ಷ ಟಿಕೆಟ್‌ಗಳು ಮಾರಾಟವಾಗಬೇಕು. ಅದೇ ಚಳಿಗಾಲದಲ್ಲಿ, ಅದೇ ಕಟ್ಟಡದಲ್ಲಿ, ಸಿಯಾಟಲ್ ಕ್ರಾಕನ್ ಎಂಬ ಐಸ್ ಹಾಕಿ ತಂಡವೂ ಹೆಚ್ಚುಕಡಿಮೆ ಅಷ್ಟೇ ಪಂದ್ಯಗಳನ್ನು ಆಡುತ್ತದೆ. ಸೀಹಾಕ್ಸ್, ಮರಿನರ್ಸ್ ಮತ್ತು ಸೌಂಡರ್ಸ್ ತಂಡಗಳೂ ನಗರದಲ್ಲಿವೆ. (ಸೌಂಡರ್ಸ್ ಫುಟ್‌ಬಾಲ್ ತಂಡದ ಮಾಲೀಕರ ಗುಂಪಿಗೆ 2019ರಲ್ಲಿ ಸೇರಿದವರಲ್ಲಿ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಅವರೂ ಒಬ್ಬರು.) ಒಂದೇ ಜನಸಮೂಹದ ಜೇಬಿಗೆ ಇಷ್ಟು ತಂಡಗಳು ಕೈಹಾಕುವಾಗ ಹೊಸ ತಂಡದ ಮೊದಲ ಹೊಡೆತ ಹಾಕಿ ತಂಡಕ್ಕೇ ಬೀಳಬಹುದೆಂಬ ಆತಂಕ ನಿರಾಧಾರವಲ್ಲ. ಆದರೂ 2018ರ ಮಾರ್ಚ್‌ನಲ್ಲಿ ಆ ತಂಡ ಇನ್ನೂ ಮಂಜೂರಾಗದಿದ್ದಾಗಲೇ ಸೀಸನ್ ಟಿಕೆಟ್‌ಗಳಿಗೆ ಮುಂಗಡ ತೆರೆದಾಗ, ಕೆಲವೇ ನಿಮಿಷಗಳಲ್ಲಿ 10,000 ಮಂದಿ ಹಣ ಕಟ್ಟಿದ್ದರು.

ಪ್ರೇಕ್ಷಕರ ಕೊರತೆಗಿಂತ ಹೆಚ್ಚು ಅನಿಶ್ಚಿತವಾದದ್ದು ಸ್ಥಳೀಯ ಪ್ರಸಾರದ ಆದಾಯ. ಕೇಬಲ್ ಚಂದಾದಾರರು ಕಡಿಮೆಯಾಗುತ್ತಿರುವುದರಿಂದ ಪ್ರಾದೇಶಿಕ ಕ್ರೀಡಾ ವಾಹಿನಿಗಳು ದೇಶದಾದ್ಯಂತ ದುರ್ಬಲಗೊಂಡಿವೆ. ಕ್ರಾಕನ್ ತಂಡವು 2024ರಲ್ಲಿ ಅಂತಹ ವಾಹಿನಿಯನ್ನು ಬಿಟ್ಟು ಉಚಿತ ದೂರದರ್ಶನ ವಾಹಿನಿಗೂ ಅಮೆಜಾನ್ ಪ್ರೈಮ್‌ಗೂ ಹೋಯಿತು.

ಲೀಗ್‌ನ ಲೆಕ್ಕಾಚಾರ

ನಗರ ಸಿದ್ಧವಾಗಿದ್ದರೂ ತೀರ್ಮಾನ ಲೀಗ್‌ನ 30 ಮಾಲೀಕರದು. ಎನ್‌ಬಿಎ ಕೊನೆಯ ಬಾರಿ ವಿಸ್ತರಣೆಯಾದದ್ದು 2004ರಲ್ಲಿ, ಷಾರ್ಲಟ್ ತಂಡವು 30 ಕೋಟಿ ಡಾಲರ್ ಪ್ರವೇಶ ಶುಲ್ಕ ಕೊಟ್ಟು ಸೇರಿದಾಗ. ಈಗಿನ ಬೆಲೆಗಳು ಬೇರೆಯೇ ಆಗಿವೆ. ಫೀನಿಕ್ಸ್ ಸನ್ಸ್ 2023ರಲ್ಲಿ ಸುಮಾರು 400 ಕೋಟಿ, ಬೋಸ್ಟನ್ ಸೆಲ್ಟಿಕ್ಸ್ 2025ರಲ್ಲಿ ಸುಮಾರು 610 ಕೋಟಿ ಡಾಲರ್ ಮೌಲ್ಯದಲ್ಲಿ ಕೈಬದಲಾದವು.

2025–26ರಿಂದ ಆರಂಭವಾದ 11 ವರ್ಷಗಳ ರಾಷ್ಟ್ರೀಯ ಪ್ರಸಾರ ಒಪ್ಪಂದದ ಮೌಲ್ಯ ಸುಮಾರು 7,600 ಕೋಟಿ ಡಾಲರ್. ಇದನ್ನು ಸಮನಾಗಿ ಹಂಚಿದರೆ ಸ್ಥೂಲವಾಗಿ ತಂಡವೊಂದಕ್ಕೆ ವರ್ಷಕ್ಕೆ 23 ಕೋಟಿ. ತಂಡಗಳು 32 ಆದರೆ 21.6 ಕೋಟಿ. ಅಂದರೆ ಆಟಗಾರರ ಪಾಲನ್ನು ಕಳೆಯುವ ಮುನ್ನ ಪ್ರತಿ ತಂಡಕ್ಕೆ ವರ್ಷಕ್ಕೆ ಸುಮಾರು 1.4 ಕೋಟಿ ಡಾಲರ್ ಖೋತಾ. ಉದಾಹರಣೆಗೆ, ಎರಡು ಹೊಸ ತಂಡಗಳು ತಲಾ 500 ಕೋಟಿ ಡಾಲರ್ ಶುಲ್ಕ ಕೊಟ್ಟವೆಂದುಕೊಂಡರೆ ಹಳೆಯ ತಂಡಗಳಿಗೆ ತಲಾ 33 ಕೋಟಿ ಸಿಗುತ್ತದೆ. ಹೊರನೋಟಕ್ಕೆ ಇದು ಲಾಭದ ವ್ಯವಹಾರ. ಆದರೆ ಶುಲ್ಕ ಒಮ್ಮೆ ಬರುವಂಥದು, ಖೋತಾ ಶಾಶ್ವತ; ಪ್ರಸಾರ ಹಕ್ಕುಗಳ ಬೆಲೆ ಏರಿದಂತೆ ಬಿಟ್ಟುಕೊಟ್ಟ ಪಾಲಿನ ಬೆಲೆಯೂ ಏರುತ್ತದೆ. ವಿಸ್ತರಣೆಯನ್ನು ಲೀಗ್‌ನ ಪಾಲು ಮಾರುವುದಕ್ಕೆ ಹೋಲಿಸುವುದು ಈ ಕಾರಣದಿಂದಲೇ. ಈ ಲೆಕ್ಕದ ಇನ್ನೊಂದು ಮುಖ ಸಿಯಾಟಲ್‌ಗೆ ಸಂಬಂಧಿಸಿದ್ದು: ಇಷ್ಟು ದೊಡ್ಡ ಶುಲ್ಕ ತೆತ್ತು ಬರುವ ಮಾಲೀಕರು ಅದನ್ನು ಟಿಕೆಟ್ ದರ, ಆಸನಕೋಣೆ ಮತ್ತು ಪ್ರಾಯೋಜಕತ್ವಗಳಿಂದಲೇ ವಸೂಲು ಮಾಡಬೇಕಾಗುತ್ತದೆ. ಕಿಂಗ್‌ಡೋಮ್ ಕಾಲದಲ್ಲಿ ಪಂದ್ಯಕ್ಕೆ ಬರುತ್ತಿದ್ದ ಸಾಮಾನ್ಯ ಕುಟುಂಬಗಳಿಗೆ ಹೊಸ ತಂಡದ ಟಿಕೆಟ್ ಎಟುಕುವುದೇ ಎಂಬುದು ಬೇರೆಯೇ ಪ್ರಶ್ನೆ.

2025ರ ಜುಲೈಯಲ್ಲಿ ಮಾಲೀಕರ ಮಂಡಳಿಯು ವಿಸ್ತರಣೆಯ ಆರ್ಥಿಕ ಹಾಗೂ ಇತರ ಪರಿಣಾಮಗಳನ್ನು ವಿಶ್ಲೇಷಿಸುವಂತೆ ಲೀಗ್ ಕಚೇರಿಗೆ ಸೂಚಿಸಿತು. ಅದೇ ಡಿಸೆಂಬರ್‌ನಲ್ಲಿ ಆಯುಕ್ತ ಆಡಮ್ ಸಿಲ್ವರ್, ಈ ಬಗ್ಗೆ 2026ರಲ್ಲಿ ನಿರ್ಧಾರವಾಗುವುದೆಂದು ತಿಳಿಸಿದರು. ಸಿಯಾಟಲ್ ಜೊತೆಗೆ ಪರಿಶೀಲನೆಯಲ್ಲಿದ್ದ ಇನ್ನೊಂದು ನಗರ ಲಾಸ್ ವೇಗಸ್. ಸಿಯಾಟಲ್ ಬಿಟ್ಟುಹೋದ ಫ್ರಾಂಚೈಸಿಯು ಅಷ್ಟರಲ್ಲಿ ಒಕ್ಲಹೋಮ ಸಿಟಿ ಥಂಡರ್ ಹೆಸರಿನಲ್ಲಿ 2025ರ ಎನ್‌ಬಿಎ ಪ್ರಶಸ್ತಿಯನ್ನು ಗೆದ್ದಿತ್ತು. 1979ರ ಪ್ರಶಸ್ತಿಯ ಟ್ರೋಫಿಯು ಸಿಯಾಟಲ್‌ನ ಇತಿಹಾಸ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದ ವಶದಲ್ಲಿದೆ.