ರನ್ನನ ದುರ್ಯೋಧನ: ಅಳಲು ಮತ್ತು ಛಲ

ಕನ್ನಡದ ರತ್ನತ್ರಯರಲ್ಲಿ ಒಬ್ಬನಾದ ರನ್ನ ಕ್ರಿ.ಶ. 949ರಲ್ಲಿ ಮುದುವೊಳಲಿನ (ಇಂದಿನ ಮುಧೋಳ) ಜೈನ ಬಳೆಗಾರರ ಮನೆಯಲ್ಲಿ ಹುಟ್ಟಿದನು. ಬಳೆ ಮಾರುವ ಕುಲದವನು ಕವಿಚಕ್ರವರ್ತಿಯಾದದ್ದು ವ್ಯಾಪಾರಸ್ಥರೆಲ್ಲ ನೆನೆಯಬೇಕಾದ ಸಂಗತಿ. ಅಜಿತಪುರಾಣ ಆತನ ಧಾರ್ಮಿಕ ಕಾವ್ಯ, ಗದಾಯುದ್ಧ ಲೌಕಿಕ ಕಾವ್ಯ.

ಗದಾಯುದ್ಧದ ನಾಯಕ ಭೀಮ. ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯನನ್ನು ಕವಿ ಭೀಮನಿಗೆ ಹೋಲಿಸಿದ್ದಾನೆ. ಆದರೂ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನನೇ. ಸೈನ್ಯವೆಲ್ಲ ಅಳಿದ ಮೇಲೆ ಅವನು ಸಂಜಯನೊಡನೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಶರಶಯ್ಯೆಯ ಭೀಷ್ಮರ ಬಳಿಗೆ ಹೊರಡುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಮಗನಿಗೆ ತಾನೇ ತರ್ಪಣ ಕೊಡುವ ಗತಿ ಬಂತೆಂದು ಕಣ್ಣೀರಿಡುತ್ತಾನೆ. ಶತ್ರುಪಕ್ಷದ ಅಭಿಮನ್ಯುವಿನ ಶವ ಕಂಡಾಗಲೂ ಅವನ ಶೌರ್ಯವನ್ನು ಮೆಚ್ಚಿ, ತನಗೂ ಅಂಥ ಸಾವು ಬರಲೆಂದು ಬಯಸುತ್ತಾನೆ.

ಇಷ್ಟು ಕಳೆದುಕೊಂಡವನು ಸಂಧಿಗೆ ಒಪ್ಪಬೇಕಿತ್ತು. ಹೆತ್ತವರೂ ಭೀಷ್ಮರೂ ಅದನ್ನೇ ಹೇಳುತ್ತಾರೆ. ಆದರೆ ಸತ್ತವರೇ ಅಡ್ಡ ಬರುತ್ತಾರೆ. ಕರ್ಣನನ್ನು, ದುಶ್ಶಾಸನನನ್ನು ಕೊಂದವರೊಡನೆ ಕೂಡಿ ಬಾಳುವುದು ಹೇಗೆ? ತಾನು ಹೋರಾಡುವುದು ನೆಲಕ್ಕಲ್ಲ, ಛಲಕ್ಕೆ ಎನ್ನುತ್ತಾನೆ. ಅವನನ್ನು ಕುಗ್ಗಿಸಿದ ದುಃಖವೇ ಅವನನ್ನು ನೆಟ್ಟಗೆ ನಿಲ್ಲಿಸುತ್ತದೆ. ಹತಾಶೆಗೊಂದು, ಎದೆಗಾರಿಕೆಗೊಂದು ಎಂದು ರನ್ನ ಬೇರೆ ಬೇರೆ ಕಾರಣ ಹುಡುಕಲೇ ಇಲ್ಲ.

ಕಡೆಗೆ ಭೀಷ್ಮರ ಸಲಹೆಯಂತೆ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರುತ್ತಾನೆ. ಅದು ಅಂಜಿಕೆಯ ಬೆವರಲ್ಲ, ಸಿಟ್ಟಿನದು. ಗದೆ ಹಿಡಿದು ಮೇಲೆದ್ದು ಬರುತ್ತಾನೆ.