ಪೇಪರ್ ಕ್ಲಿಪ್ಪೂ ಕುದುರೆಮುಖವೂ

2003ರಲ್ಲಿ ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞ ನಿಕ್ ಬಾಸ್ಟ್ರಮ್ ಒಂದು ಊಹೆಯನ್ನು ಮುಂದಿಟ್ಟರು. ಮನುಷ್ಯರನ್ನು ಮೀರಿದ ಬುದ್ಧಿಯ ಯಂತ್ರಕ್ಕೆ ಪೇಪರ್ ಕ್ಲಿಪ್ ತಯಾರಿಸುವುದೊಂದನ್ನೇ ಗುರಿಯಾಗಿ ಕೊಟ್ಟರೆ, ಯಾರ ಮೇಲೂ ದ್ವೇಷವಿಲ್ಲದೆಯೇ ಅದು ಇಡೀ ಭೂಮಿಯನ್ನು ಕ್ಲಿಪ್ ಕಾರ್ಖಾನೆ ಮಾಡಿಬಿಡಬಹುದು.

ಕಳಸದಿಂದ ಕುದುರೆಮುಖಕ್ಕೆ ಹೋದವರಿಗೆ ಇದು ಬರೀ ಊಹೆ ಎನಿಸದು. ಇರಾನಿಗೆ ಕಬ್ಬಿಣದ ಅದಿರು ಕಳಿಸಲೆಂದು 1976ರಲ್ಲಿ ಇಲ್ಲಿ ಸರ್ಕಾರಿ ಕಂಪನಿ ಹುಟ್ಟಿತು. ಇರಾನಿನ ಕ್ರಾಂತಿಯೊಡನೆ ಆ ಗಿರಾಕಿ ಕೈಬಿಟ್ಟಿತು. ಗಣಿ ಮಾತ್ರ ನಿಲ್ಲಲಿಲ್ಲ. ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. ಪುಡಿ ಮಾಡಿದ ಅದಿರು ನೀರಿನೊಡನೆ 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಯಿತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಟನ್ನುಗಳ ಲೆಕ್ಕದಲ್ಲಿ ಭದ್ರೆ ಸೇರುವ ಹೂಳಿಗೆ ಜಾಗವಿರುವುದಿಲ್ಲ.

ಆದರೆ ಇದು ಬಾಸ್ಟ್ರಮ್ ಕಥೆಯಂತೆ ಮುಗಿಯಲಿಲ್ಲ. ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ನ್ಯಾಯಾಲಯದ ಮೆಟ್ಟಿಲೇರಿದರು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2005ರ ಕೊನೆಗೆ ಗಣಿ ನಿಂತಿತು. ಅದನ್ನೇ ನಂಬಿದ್ದ ಕಾರ್ಮಿಕರ ಊರೂ ಬರಿದಾಯಿತು. ತಡವಾಗಿ ನಿಲ್ಲಿಸಿದ್ದಕ್ಕೂ ಬೆಲೆ ತೆರಬೇಕು.

ಗಣಿಗೆ ಸಾಕು ಎನ್ನಲು ಅದರ ಹೊರಗೆ ಒಬ್ಬರಿದ್ದರು. ಯಂತ್ರಕ್ಕೆ ಗುರಿ ಕೊಡುವ ಮುನ್ನ ಕೇಳಬೇಕಾದದ್ದೂ ಅದನ್ನೇ: ಸಾಕು ಎನ್ನುವವರು ಯಾರು?